ಸ್ಲೋನಲ್ಲಿ ನಿಲ್ಲದ ಟ್ರ್ಯಾಕ್ಟರು

ನಮ್ಮೂರಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೆರೆ ಏರಿ ತಿರುಗುವಷ್ಟರಲ್ಲೇ ಅದು ಯಾರ ಮನೆಯದು, ಟ್ರೈಲರಿನಲ್ಲಿ ಕಬ್ಬಿದೆಯೋ ಖಾಲಿಯೋ ಎಂದು ಜಗಲಿ ಮೇಲೆ ಕೂತವರು ಹೇಳಿಬಿಡುತ್ತಾರೆ. ನಮ್ಮ ಮನೆಯ ಬಿ-275ರ ದನಿ ಮಾತ್ರ ಹನ್ನೊಂದು ವರ್ಷದಿಂದ ಯಾರಿಗೂ ಕೇಳಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅದು ಕೊಟ್ಟಿಗೆ ಪಕ್ಕದಲ್ಲಿ ನಿಂತದ್ದು ನಿಂತೇ ಇತ್ತು. ಕಳೆದ ಬೇಸಿಗೆಯಲ್ಲಿ ಇಂಜಿನ್ ಇಳಿಸಿ, ಸ್ಲೀವು, ಪಿಸ್ಟನ್ನು, ರಿಂಗು, ಬೇರಿಂಗು ಹೊಸದು ಹಾಕಿಸಿ, ವಾಲ್ವುಗಳನ್ನು ಅರೆಸಿ ಕೂರಿಸಿ, ಬಣ್ಣವನ್ನೂ ಹೊಡೆಸಿದೆ. ಸ್ಟಾರ್ಟ್ ಆಯಿತು. ರೇಸ್ ಕೊಟ್ಟರೆ ಗಟ್ಟಿಯಾಗಿ ಓಡಿತು. ಸ್ಲೋಗೆ ಬಿಟ್ಟರೆ ಮಾತ್ರ ಒಂದೇ ಹದದಲ್ಲಿ ನಿಲ್ಲದು. ಏರುವುದು, ಇಳಿಯುವುದು, ಮತ್ತೆ ಏರುವುದು. ಮಡ್‌ಗಾರ್ಡಿನ ಮೇಲಿಟ್ಟ ಲೋಟದ ನೀರು ತುಳುಕಿ ಚೆಲ್ಲುತ್ತಿತ್ತು.

ಈ ಗಾಡಿ ಮೊದಲು ಹುಟ್ಟಿದ್ದು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನಲ್ಲಿ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಾರ್ಖಾನೆಯಲ್ಲಿ. 1963ರಲ್ಲಿ ಆ ಕಂಪನಿ ಮಹೀಂದ್ರ ಮತ್ತು ವೋಲ್ಟಾಸ್ ಜೊತೆ ಸೇರಿದ ಮೇಲೆ ಮುಂಬಯಿಯಲ್ಲೂ ತಯಾರಾಯಿತು. ನಾಲ್ಕು ಸಿಲಿಂಡರ್, ಡೀಸೆಲ್. ಅಪ್ಪನಿಗೆ ಅದು ‘ಟೂ ಸೆವೆಂಟಿಫೈವ್’. ಇವತ್ತಿನ ಹುಡುಗರೂ ಮಹೀಂದ್ರದ ಹೊಸ ಗಾಡಿಯನ್ನು ಅದೇ ಅಂಕೆಯಲ್ಲಿ ಕರೆಯುವುದನ್ನು ಕೇಳಿದಾಗ ನನಗೆ ಸಂತೋಷವಾಗುತ್ತದೆ.

ಗಾಡಿಯ ಈ ಏರಿಳಿತ ನೋಡಿದವರೆಲ್ಲ ಡೀಸೆಲ್ ಪಂಪನ್ನೇ ದೂರಿದರು. ಪಂಪು, ನಾಜಲ್ಲು ಎಂದರೆ ನಮ್ಮ ಕಡೆ ಮೈಕೋ. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಹೆಸರು 2008ರಲ್ಲೇ ಬಾಷ್ ಆಗಿದ್ದರೂ ಹಳ್ಳಿಯ ಗ್ಯಾರೇಜಿನಲ್ಲಿ ಇನ್ನೂ ಬದಲಾಗಿಲ್ಲ. ಪಂಪು ಬಿಚ್ಚುವುದೆಂದರೆ ದೊಡ್ಡ ಖರ್ಚು. ಅದಕ್ಕೇ ಅಪ್ಪನ ಕಾಲದ ಮೇಸ್ತ್ರಿಯನ್ನು ಮನೆಗೆ ಕರೆತಂದೆ. ಎಪ್ಪತ್ತು ದಾಟಿದ ಮನುಷ್ಯ. ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಕಾಫಿ ಕುಡಿಯುತ್ತ ಕಾಲು ಗಂಟೆ ಸುಮ್ಮನೆ ಇಂಜಿನ್ನನ್ನೇ ಕೇಳುತ್ತ ಕೂತರು.

ಆಮೇಲೆ ಮೊದಲು ಏರ್ ತೆಗೆದರು. ಫಿಲ್ಟರಿನ ತಿರುಪು ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಟ್ಟರು. ಏನೂ ಬದಲಾಗಲಿಲ್ಲ. ಬಳಿಕ ಇಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿ ಮಾಡಿದರು. ಸಡಿಲಿಸಿದಾಗ ದನಿ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ; ಕುಗ್ಗದಿದ್ದರೆ ಅದೇ ಕಳ್ಳ. ನಾಲ್ಕಕ್ಕೂ ದನಿ ಒಂದೇ ಸಮನೆ ಕುಗ್ಗಿತು. ಟ್ಯಾಪೆಟ್ ಕೂಡ ಸರಿಯಿತ್ತು.

“ಮೇಷ್ಟ್ರೇ, ಇಂಜಿನ್ನು ಚೆನ್ನಾಗೈತೆ. ಅದುಕ್ಕೆ ಉಸಿರು ಹಿಡಿಯೋಕೆ ಆಯ್ತಾ ಇಲ್ಲ,” ಎಂದರು.

ಅವರ ಮಾತು ಅರ್ಥವಾಗಬೇಕಾದರೆ ಈ ಹಳೆಯ ಇಂಜಿನ್ನಿನ ಗವರ್ನರ್ ಹೇಗಿದೆ ಎಂದು ತಿಳಿಯಬೇಕು. ಅದು ನಡೆಯುವುದು ಗಾಳಿಯ ಸೆಳೆತದಿಂದ. ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ತಿರುಗುವ ಒಂದು ತಗಡಿನ ಬಾಗಿಲಿದೆ. ಸ್ಲೋನಲ್ಲಿ ಅದು ಬಹುಪಾಲು ಮುಚ್ಚಿರುತ್ತದೆ. ಸೆಳೆತ ಅಲ್ಲೇ ಜೋರು. ಆ ಸೆಳೆತ ಬೆರಳು ಗಾತ್ರದ ಕೊಳವೆಯ ಮೂಲಕ ಪಂಪಿನ ಬೆನ್ನಿಗೆ ಹೋಗಿ ಒಂದು ತೊಗಲಿನ ಡಯಾಫ್ರಮ್ಮನ್ನು ಎಳೆಯುತ್ತದೆ. ಡಯಾಫ್ರಮ್ ಸ್ಪ್ರಿಂಗನ್ನು ಅದುಮಿ ಡೀಸೆಲ್ ಕಡಿಮೆ ಮಾಡುತ್ತದೆ. ತೊಗಲು ಬಿರುಕು ಬಿಟ್ಟಿದ್ದರೆ ಹೊರಗಾಳಿ ನುಗ್ಗಿ ಸೆಳೆತ ಸಡಿಲವಾಗುತ್ತದೆ, ಸ್ಪ್ರಿಂಗ್ ಗೆದ್ದು ಡೀಸೆಲ್ ಹೆಚ್ಚುತ್ತದೆ, ಇಂಜಿನ್ ಏರುತ್ತದೆ. ಏರಿದೊಡನೆ ಸೆಳೆತ ಮತ್ತೆ ಬಲವಾಗಿ ಇಳಿಸುತ್ತದೆ. ನನ್ನ ಲೋಟದ ನೀರು ತುಳುಕುತ್ತಿದ್ದುದು ಈ ಜಗ್ಗಾಟದಿಂದ. ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಂಡರೂ ನಾಲ್ಕು ಸಿಲಿಂಡರ್ ಸೇರಿ 1200 ಸಲ ಉರಿಯಬೇಕು, ಅದೂ ಹನಿಯಷ್ಟೂ ಅಲ್ಲದ ಡೀಸೆಲಿನಲ್ಲಿ. ಅಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಿವಿಗೆ ಕೇಳುತ್ತದೆ.

ಮೇಸ್ತ್ರಿ ಇಂಜಿನ್ ನಿಲ್ಲಿಸಿ ಕೊಳವೆ ಬಿಚ್ಚಿದರು. ಪಂಪಿನ ಸ್ಟಾಪ್ ಲಿವರನ್ನು ಎಳೆದು ಹಿಡಿದು, ಕೊಳವೆ ಕೂರುವ ಬಾಯಿಗೆ ಹೆಬ್ಬೆರಳು ಒತ್ತಿ, ಲಿವರ್ ಬಿಟ್ಟರು. ತೊಗಲು ಗಟ್ಟಿಯಾಗಿದ್ದರೆ ಒಳಗಿನ ಸೆಳೆತ ಅದನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಬೇಕು. ಇದು ಟಪ್ ಎಂದು ಪೂರಾ ವಾಪಸು ಹೋಯಿತು. ಮುಚ್ಚಳ ತೆಗೆದರೆ, ಹನ್ನೊಂದು ವರ್ಷ ಒಣಗಿದ ತೊಗಲು ಹಪ್ಪಳದಂತಾಗಿತ್ತು. ಅಂಚಿನಲ್ಲಿ ಎರಡು ಬಿರುಕು.

ಸ್ಲೀವಿನಿಂದ ಬಣ್ಣದವರೆಗೆ ಎಲ್ಲ ಹೊಸದಾಗಿದ್ದ ಗಾಡಿಯಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ತುಂಡು ಇದೊಂದೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದು ದಿನ ಅಲೆದು ಹೊಸ ಡಯಾಫ್ರಮ್ ತಂದೆ. ಕೂರಿಸಲು ಅರ್ಧ ಗಂಟೆ ಹಿಡಿಯಿತು. ಸ್ಟಾರ್ಟ್ ಮಾಡಿ ಸ್ಲೋಗೆ ಬಿಟ್ಟಾಗ ಅಪ್ಪನ ಕಾಲದ ಅದೇ ಹಳೆಯ ದನಿ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಏನೂ ಮಾತಾಡಲಿಲ್ಲ, ಇಂಜಿನ್ ಆರಿಸುವವರೆಗೂ ಅಲ್ಲೇ ನಿಂತಿದ್ದಳು.

ನಿಮ್ಮ ಮನೆಯಲ್ಲೂ ಇಂಥ ಗವರ್ನರಿನ ಹಳೆಯ ಗಾಡಿ ಇದ್ದು ಸ್ಲೋನಲ್ಲಿ ಜಗ್ಗಾಡುತ್ತಿದ್ದರೆ, ಪಂಪನ್ನು ರಿಪೇರಿಗೆ ಕಳಿಸುವ ಮೊದಲು ಆ ಕೊಳವೆಯನ್ನೂ ತೊಗಲನ್ನೂ ಒಮ್ಮೆ ನೋಡಿ. ಇಂಜಿನ್ ಓಡುತ್ತಿರುವಾಗ ಮಾತ್ರ ಕೊಳವೆ ಬಿಚ್ಚಬೇಡಿ. ಸೆಳೆತ ತಪ್ಪಿದರೆ ಡೀಸೆಲಿಗೆ ತಡೆಯೇ ಇರುವುದಿಲ್ಲ, ಇಂಜಿನ್ ಕೈಮೀರಿ ಓಡುತ್ತದೆ.