ಕ್ಯೋಟೋದಲ್ಲಿ ಕಲಿತ ನಾಲ್ಕು ಮಾತು

ಪರನಾಡಿಗೆ ಹೋದವನಿಗೆ ವಿದ್ವತ್ತಿಗಿಂತ ಮೊದಲು ಒದಗಬೇಕಾದದ್ದು ಆ ನಾಡಿನ ನಾಲ್ಕು ಮಾತು. ಶಾಸ್ತ್ರಗಳನ್ನು ಅರೆದು ಕುಡಿದವನಾದರೂ ದಾರಿ ವಿಚಾರಿಸಲು, ಅನ್ನ ಕೇಳಲು ಬಾರದಿದ್ದರೆ ಅಲ್ಲಿ ಅವನು ಮೂಕನೇ ಸರಿ. ಜಪಾನಿನ ಕ್ಯೋಟೋ ನಗರದಲ್ಲಿ ಕೆಲವು ದಿನ ತಂಗಿದ್ದಾಗ ಈ ಮಾತು ನಮ್ಮ ಅನುಭವಕ್ಕೆ ಬಂದಿತು.

ಕ್ರಿ.ಶ. 794ರಿಂದ ಸಾವಿರ ವರುಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಕ್ಯೋಟೋ ದೇವಾಲಯಗಳ ಊರು. ಬೆಳಗಿನಲ್ಲಿ ಮನೆಯ ಮುಂದಿನ ಬೀದಿ ಗುಡಿಸುವ ವೃದ್ಧರು ತಲೆಬಾಗಿ 'ಒಹಯೋ ಗೊಜಾಯಿಮಸು' ಎನ್ನುತ್ತಾರೆ. ಕೊನೆಯ ಉಕಾರವು ಕಿವಿಗೆ ಬೀಳುವುದೇ ಇಲ್ಲ. ಹಗಲಿಗೆ 'ಕೊನ್ನಿಚಿವ', ಸಂಜೆಗೆ 'ಕೊನ್ಬನ್ವ', ಕೃತಜ್ಞತೆಗೆ 'ಅರಿಗತೋ ಗೊಜಾಯಿಮಸು'. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು 'ಸುಮಿಮಸೆನ್'. ಕ್ಷಮೆ ಕೇಳಲು, ಅಪರಿಚಿತರನ್ನು ಕರೆಯಲು, ಉಪಕಾರ ಪಡೆದಾಗ ಸಂಕೋಚ ಸೂಚಿಸಲು ಇದೊಂದೇ ಮಾತು ಸಾಕು.

ಕನ್ನಡಿಗನಿಗೆ ಈ ಭಾಷೆಯ ವಾಕ್ಯರಚನೆ ಅಷ್ಟೇನೂ ಅಪರಿಚಿತವಲ್ಲ. ಕ್ರಿಯಾಪದವು ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ವಿಭಕ್ತಿಯಂತಹ ಪ್ರತ್ಯಯಗಳು ನಾಮಪದದ ಹಿಂದೆ ಸೇರುತ್ತವೆ. 'ಎಕಿ ವ ದೊಕೊ ದೆಸು ಕ' ಎಂದರೆ 'ರೈಲು ನಿಲ್ದಾಣ ಎಲ್ಲಿದೆ?' ಎಂದರ್ಥ. ಕೊನೆಯ 'ಕ' ಪ್ರಶ್ನೆಯ ಗುರುತು. ಈ ಸಾಮ್ಯದಿಂದಲೇ ಎರಡು ಭಾಷೆಗಳು ಬಂಧುಗಳೆಂದು ಹೇಳಲಾಗದು. ಆದರೆ ಕಲಿಯುವವನ ಭಾರ ಹಗುರವಾಗುವುದಂತೂ ನಿಜ. ಲಿಪಿಯ ವಿಷಯದಲ್ಲಿ ಮಾತ್ರ ಋಣಾನುಬಂಧವೊಂದಿದೆ. ಹಿರಗನ ಲಿಪಿಯ 46 ಮೂಲಾಕ್ಷರಗಳನ್ನು ಅ, ಇ, ಉ, ಎ, ಒ ಎಂಬ ಸ್ವರಗಳಿಂದ ಮೊದಲುಮಾಡಿ ಕ, ಸ, ತ, ನ ಎಂದು ಜೋಡಿಸಿರುವ ಕ್ರಮಕ್ಕೆ, ಬೌದ್ಧ ಭಿಕ್ಷುಗಳು ನಡೆಸಿದ ಸಂಸ್ಕೃತ ವರ್ಣಮಾಲೆಯ ಅಧ್ಯಯನವೇ ಆಧಾರ. ನಿತ್ಯಬಳಕೆಗೆಂದು ಅಲ್ಲಿನ ಸರಕಾರವು 2010ರಲ್ಲಿ ಗೊತ್ತುಪಡಿಸಿದ 2136 ಚೀನೀ ಮೂಲದ ಅಕ್ಷರಗಳು ಬೇರೆಯೇ ಇವೆ. ಅರುವತ್ತು ದಾಟಿದ ನಾವು ಆ ಅರಣ್ಯವನ್ನು ದೂರದಿಂದಲೇ ನೋಡಿ ಕೈಮುಗಿದೆವು.

ಶಾಕಾಹಾರಿಗಳಿಗೆ ನಿಜವಾದ ಪರೀಕ್ಷೆ ಊಟದ್ದು. 'ನಿಕು ತೊ ಸಕನ ವ ತಬೆಮಸೆನ್', ಅಂದರೆ 'ಮಾಂಸ, ಮೀನು ತಿನ್ನುವುದಿಲ್ಲ' ಎಂಬ ವಾಕ್ಯವನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೆವು. ಒಂದು ಸಣ್ಣ ಊಟದ ಮನೆಯಲ್ಲಿ ಅದನ್ನು ಹೇಳಿದಾಗ, ಯಜಮಾನಿಯಾದ ವೃದ್ಧೆಯು ತಟ್ಟೆಯಲ್ಲಿದ್ದ ಸಾರಿನ ಬಟ್ಟಲನ್ನು ತಾನೇ ಹಿಂದಕ್ಕೆ ತೆಗೆದುಕೊಂಡು, 'ದಶಿ' ಎಂದು ತಲೆಯಾಡಿಸಿದಳು. ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು ಬಿಸಿನೀರಿನಲ್ಲಿ ಅದ್ದಿ ತೆಗೆದ ರಸವು ಅಲ್ಲಿನ ಅನೇಕ ಸಾರುಗಳಿಗೆ ಮೂಲ. ಕಣ್ಣಿಗೆ ಮೀನು ಕಾಣದು; ಬಟ್ಟಲಿನಲ್ಲಿ ಅದು ಇದ್ದೇ ಇರುತ್ತದೆ. ಅನ್ನ, ಸೋಯಾ ಹಾಲಿನ ತೋಫು, ತರಕಾರಿಯ ಉಪ್ಪಿನಕಾಯಿ ತಂದಿಟ್ಟು ಆ ತಾಯಿ ನಮ್ಮ ನೇಮವನ್ನು ಕಾಪಾಡಿದಳು. ಅಂದಿನಿಂದ ನಾವು ಇನ್ನೊಂದು ವಾಕ್ಯ ಕಲಿತೆವು: 'ಕತ್ಸುವೊ ನೊ ದಶಿ ವ ಹೈತ್ತೆ ಇಮಸು ಕ', ಅಂದರೆ 'ಇದರಲ್ಲಿ ಮೀನಿನ ರಸ ಸೇರಿದೆಯೇ?'

ಬೌದ್ಧ ಮಠಗಳ 'ಶೋಜಿನ್ ರ್ಯೋರಿ' ಎಂಬ ಸಾತ್ವಿಕ ಅಡುಗೆಯಲ್ಲಿ ಈ ತೊಡಕಿಲ್ಲ. ಅಲ್ಲಿ ಸಮುದ್ರದ ಸಸ್ಯವಾದ ಕೊಂಬು ಮತ್ತು ಒಣ ಅಣಬೆಗಳಿಂದಲೇ ರಸ ತೆಗೆಯುತ್ತಾರೆ.

ಊಟಕ್ಕೆ ಮೊದಲು ಜಪಾನೀಯರು ಕೈಜೋಡಿಸಿ 'ಇತದಕಿಮಸು' ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂಬುದು ಅದರ ಭಾವ. ಮುಗಿದ ಮೇಲೆ 'ಗೊಚಿಸೋಸಮ ದೆಶಿತ' ಎಂದು ಉಣಬಡಿಸಿದವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಉಣ್ಣುವ ಮುನ್ನ ಕೈಮುಗಿಯುವ ಸಂಸ್ಕಾರವುಳ್ಳ ನಮ್ಮ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಉದ್ಯೋಗಕ್ಕೆಂದು ಆ ನಾಡಿಗೆ ಹೊರಡುವ ಮಕ್ಕಳ ಗಂಟಿನಲ್ಲಿ ತಂದೆತಾಯಿಗಳು ಚಟ್ನಿಪುಡಿಯ ಜೊತೆಗೆ ಈ ಕೆಲವು ಮಾತುಗಳನ್ನೂ ಕಟ್ಟಿ ಕಳುಹಿಸಲಿ. ಪುಡಿ ತಿಂಗಳಿಗೆ ತೀರಬಹುದು. ಮಾತು ಬಳಸಿದಷ್ಟೂ ಬೆಳೆಯುತ್ತದೆ.