ಎರಡು ಕೊಳಗಗಳು

ಮಲೆನಾಡಿನ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಬಳಕೆ ತಪ್ಪಿದ ಎರಡು ಕೊಳಗಗಳಿದ್ದವು. ಮೇಲ್ನೋಟಕ್ಕೆ ಎರಡೂ ಒಂದೇ. ಬಾಲ್ಯದಲ್ಲಿ ಒಂದು ದಿನ ಆಟಕ್ಕೆಂದು ಒಂದರಲ್ಲಿ ಭತ್ತ ತುಂಬಿ ಇನ್ನೊಂದಕ್ಕೆ ಸುರಿದೆ. ಅದು ತುಂಬಿದ ಮೇಲೂ ಎರಡು ಬೊಗಸೆ ಉಳಿಯಿತು. ಅಚ್ಚರಿಯಿಂದ ಅಜ್ಜಿಯನ್ನು ಕೇಳಿದೆ. "ದೊಡ್ಡದು ಗೇಣಿ ಅಳೆದುಕೊಳ್ಳುವುದಕ್ಕೆ, ಚಿಕ್ಕದು ಕೂಲಿ ಅಳೆದುಕೊಡುವುದಕ್ಕೆ ಇದ್ದದ್ದು ಮಗು" ಎಂದು ಆಕೆ ಸಹಜವಾಗಿ ನುಡಿದಳು. ಅಜ್ಜಿ ನಿಷ್ಕರುಣಿಯಲ್ಲ, ಬಂದವರನ್ನು ಉಣ್ಣಿಸದೆ ಕಳುಹಿಸಿದವಳಲ್ಲ. ಆದರೂ ಆ ಎರಡು ಬೊಗಸೆ ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ.

ಅದರ ಅರ್ಥ ನನಗೆ ತಿಳಿದುದು ದೊಡ್ಡವನಾದ ಮೇಲೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಆ ವಿವಾದದ ಮೂಲದಲ್ಲಿದ್ದುದು ಗೇಣಿ ಅಳೆಯುವ ಕೊಳಗದ ಗಾತ್ರವೇ. ಅವರ ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೆ ಒಳಗಾದರು.

ಅದೇ ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದರು. ಪ್ರಧಾನಿ ನೆಹರೂ ಅವರು 15 ಆಣೆ ಎಂದರು. ವಾಗ್ವಾದ ಪತ್ರಿಕೆಗಳಿಗೂ ಹಬ್ಬಿತು. 15 ಆಣೆ ಎಂಬುದು ಸಿರಿವಂತರ ಗಳಿಕೆಯೂ ಸೇರಿದ ಸರಾಸರಿ. ಲೋಹಿಯಾ ಕೇಳಿದುದು ಕೆಳಗಿನವರ ಪಾಲೆಷ್ಟು ಎಂದು. ಆ ಪಾಲು ಏಳೂವರೆ ಆಣೆ ಎಂದು ಸಚಿವ ಗುಲ್ಜಾರಿಲಾಲ್ ನಂದಾ ಅವರು ಹೇಳಿದಾಗ, ಅಂಕಿ ಯಾವುದೇ ಇರಲಿ, ಪ್ರಶ್ನೆ ನ್ಯಾಯವಾದುದೆಂದು ಒಪ್ಪಿದಂತಾಯಿತು.

ತಲಾ ಆದಾಯ ಏರಿತೆಂಬ ಸುದ್ದಿಯನ್ನು ನಾವು ಇಂದಿಗೂ ಓದುತ್ತೇವೆ. ಹತ್ತು ಮಂದಿಯಲ್ಲಿ ಒಬ್ಬನ ಆದಾಯ 91,000 ರೂಪಾಯಿ, ಉಳಿದ ಒಂಬತ್ತು ಮಂದಿಯದು ತಲಾ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 10,000 ರೂಪಾಯಿ! ಲೆಕ್ಕ ತಪ್ಪಿಲ್ಲ, ಆದರೆ ಅಷ್ಟು ಆದಾಯವುಳ್ಳವನು ಅವರಲ್ಲಿ ಒಬ್ಬನೂ ಇಲ್ಲ. ಕರ್ನಾಟಕದ ತಲಾ ಆದಾಯವೆಂದಾಗಲೂ ಹೀಗೆಯೇ: ಬೆಂಗಳೂರು ನಗರ ಜಿಲ್ಲೆಯ ಸಿರಿಯೂ ಕಲಬುರಗಿಯ ಬಡತನವೂ ಒಂದೇ ಅಂಕಿಯಲ್ಲಿ ಬೆರೆತು ಹೋಗುತ್ತವೆ. ಅಂಕಿ ಸುಳ್ಳಾಡಬೇಕಾಗಿಲ್ಲ, ಯಾರನ್ನು ಅಳೆಯಲಾಯಿತೆಂದು ನಾವು ಕೇಳದಿದ್ದರೆ ಸಾಕು, ಸತ್ಯ ಮರೆಯಾಗುತ್ತದೆ.

1974ರ ಭೂಸುಧಾರಣೆಯೊಂದಿಗೆ ಗೇಣಿ ಪದ್ಧತಿ ಕೊನೆಗೊಂಡಿತು. ಆದರೆ ನನ್ನ ತಂದೆಯ ಓದಿಗೂ, ಅದರಿಂದ ನನ್ನ ಓದಿಗೂ ಆ ಎರಡು ಬೊಗಸೆ ಭತ್ತ ನೆರವಾಗಿತ್ತು. ಬಡವರ ವಿಷಯದಲ್ಲಿ ಯಾವುದಾದರೂ ಅಂಕಿಯನ್ನು ಓದಿದಾಗ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯ ಅಟ್ಟ.