ಬೆವರುವ ಹೂಜಿ

ನಮ್ಮ ಮನೆಯ ಫ್ರಿಜ್ಜು ಸತ್ತದ್ದು 2020ರ ಏಪ್ರಿಲ್ ತಿಂಗಳ ಒಂದು ನಡುರಾತ್ರಿ. ಸತ್ತಿತು ಅನ್ನುವ ಮಾತನ್ನು ಈ ದಿನಗಳಲ್ಲಿ ಹಗುರವಾಗಿ ಆಡಬಾರದು ಎಂದು ಮನೆಯವಳು ತಿದ್ದಿದಳು. ಆಯಿತು, ನಿಂತಿತು. ಇಪ್ಪತ್ತು ವರ್ಷದಿಂದ ಗುರ್ ಎನ್ನುತ್ತಿದ್ದದ್ದು ಒಮ್ಮೆಲೇ ಸುಮ್ಮನಾದಾಗ ಇಬ್ಬರಿಗೂ ಎಚ್ಚರವಾಯಿತು, ಓಡುತ್ತಿದ್ದ ರೈಲು ನಿಂತೊಡನೆ ಮಲಗಿದ್ದವರು ಎದ್ದು ಕೂರುವ ಹಾಗೆ. ಬೆಳಗ್ಗೆ ರಿಪೇರಿಯವನಿಗೆ ಫೋನು ಮಾಡಿದೆ. ಆತ ಫೋನಿನಲ್ಲೇ ನಾಡಿ ನೋಡಿ, “ಕಂಪ್ರೆಸರ್ ಹೋಗೈತ್ರಿ ಸರ. ಸಾಮಾನು ಬೆಂಗ್ಳೂರಿಂದ ಬರ್ಬೇಕು. ಅಂಗಡೀನೂ ಬಂದ್, ನಾನೂ ಬಂದ್” ಎಂದ. ಹಾಲು, ದೋಸೆಹಿಟ್ಟು, ಅರ್ಧ ಹೋಳು ತೆಂಗಿನಕಾಯಿ ಎಲ್ಲ ಹೊರಗೆ ಬಂದವು. ಒಳಗೆ ಉಳಿದದ್ದು ಒಂದು ಉಪ್ಪಿನಕಾಯಿ ಬಾಟಲಿ. ಅದಕ್ಕೆ ಫ್ರಿಜ್ಜಿನ ಹಂಗೂ ಇರಲಿಲ್ಲ, ಬೇಸಿಗೆಯ ಭಯವೂ ಇರಲಿಲ್ಲ.

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಇದು ಎಂಥ ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ತಮಾಷೆಯನ್ನು ನಾನು ವರ್ಗವಾಗಿ ಬಂದಿಳಿದ ದಿನವೇ ನಮ್ಮ ಪಾಯಿಂಟ್ಸ್‌ಮನ್ ಹೇಳಿದ್ದ. ಅದು ತಮಾಷೆಯಲ್ಲ, ವೇಳಾಪಟ್ಟಿ ಎಂದು ಗೊತ್ತಾಗುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಊರ ನಡುವಿನ ಬಂಡೆಗುಡ್ಡ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ಕಕ್ಕುತ್ತದೆ. ಮಲೆನಾಡಿನವನಾದ ನಾನು ಸ್ಟೇಷನ್ ಮಾಸ್ಟರ್ ಕೆಲಸದಿಂದ ನಿವೃತ್ತನಾದ ಮೇಲೂ ಇಲ್ಲೇ ಯಾಕೆ ಉಳಿದೆ ಎಂದು ನೆಂಟರು ಕೇಳುತ್ತಾರೆ. ರೈಲಿನ ಸದ್ದು ಕೇಳಿಸುವಷ್ಟು ದೂರದಲ್ಲಿ ಒಂದು ಮನೆ ಸಿಕ್ಕಿತ್ತು, ಅಷ್ಟೇ.

ಆ ಸದ್ದೂ ಆ ಬೇಸಿಗೆಯಲ್ಲಿ ನಿಂತುಹೋಗಿತ್ತು. ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿಯ ದಿನ. ಹುಟ್ಟಿದ ಸಂವತ್ಸರದ ಹೆಸರು ಶಾರ್ವರಿ, ಅಂದರೆ ರಾತ್ರಿ. ಬೇವು-ಬೆಲ್ಲದಲ್ಲಿ ಆ ವರ್ಷ ಬೇವು ಹೆಚ್ಚಾಯಿತೆಂದು ನಾನು ಅಂದರೆ, ಬೆಲ್ಲ ತರಲು ಯಾರು ಹೋಗಿದ್ದರು ಎಂದು ಅವಳು ಕೇಳಿದಳು. ಪ್ರಯಾಣಿಕರ ಗಾಡಿಗಳು ಅದಕ್ಕೂ ಮೂರು ದಿನ ಮೊದಲೇ ನಿಂತಿದ್ದವು. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ಗಾಡಿ ಹೋದಂದಿನಿಂದ ದೇಶದ ಉದ್ದಗಲಕ್ಕೂ ಹೀಗೆ ಎಲ್ಲ ಪ್ಯಾಸೆಂಜರ್ ಗಾಡಿಗಳೂ ಒಟ್ಟಿಗೆ ನಿಂತದ್ದಿಲ್ಲ. ಗೂಡ್ಸ್ ಗಾಡಿಗಳೇನೋ ಕಲ್ಲಿದ್ದಲು, ಉಕ್ಕು ಹೊತ್ತು ಹೋಗುತ್ತಿದ್ದವು. ಆದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಬಾರದೆ ನನಗೆ ಮಾತ್ರೆ ನುಂಗುವ ಹೊತ್ತು ತಪ್ಪತೊಡಗಿತು.

ಅರವತ್ತೈದು ದಾಟಿದವರು ಮನೆಯಲ್ಲೇ ಇರಲಿ ಎಂದು ಸರ್ಕಾರ ಹೇಳಿತ್ತು. ನನಗೆ 67, ಅವಳಿಗೆ 62. ಮದುವೆಯಾದಾಗಿನಿಂದ ನಾನು ಹೊರಗೆ, ಅವಳು ಒಳಗೆ. ಈಗ ಚೀಲ ಹಿಡಿದು ಅವಳು ಹೊರಟರೆ ನಾನು ಬಾಗಿಲಲ್ಲಿ ನಿಂತು “ಬೇಗ ಬಾ” ಅನ್ನುತ್ತಿದ್ದೆ. ಬೆಳಗ್ಗೆ ಒಂಬತ್ತಕ್ಕೆ ದೂರದರ್ಶನದಲ್ಲಿ ರಾಮಾಯಣ, ರಾತ್ರಿ ಒಂಬತ್ತಕ್ಕೆ ಮತ್ತೆ ರಾಮಾಯಣ. 1987ರಲ್ಲಿ ಅದು ಮೊದಲು ಬಂದಾಗ ನಾನು ಡ್ಯೂಟಿಯ ಮೇಲಿದ್ದು ಎಷ್ಟೋ ಕಂತು ತಪ್ಪಿಸಿಕೊಂಡಿದ್ದೆ. ಈಗ ವನವಾಸದ ಒಂದು ದಿನವನ್ನೂ ಬಿಡಲಿಲ್ಲ. ಏಪ್ರಿಲ್ 23ರಂದು ಕೇಂದ್ರದ ನೌಕರರಿಗೂ ಪಿಂಚಣಿದಾರರಿಗೂ ಸಿಗಬೇಕಿದ್ದ ತುಟ್ಟಿಭತ್ಯೆಯ ಏರಿಕೆಯನ್ನು ಮುಂದಿನ ವರ್ಷದ ಮಧ್ಯದವರೆಗೆ ತಡೆಹಿಡಿದ ಸುದ್ದಿ ಬಂತು. ಗೆಳೆಯರ ಫೋನುಗಳೋ ಫೋನುಗಳು. “ನಮ್ಮ ಮನೇಲಿ ಫ್ರಿಜ್ಜು ಕೆಟ್ಟಿದೆ, ದಿಲ್ಲಿಯಲ್ಲಿ ಎಲ್ಲ ಫ್ರೀಜ್ ಆಗ್ತಿದೆ” ಎಂದು ನಾನು ಹೇಳಿದ ಮಾತು ನಿವೃತ್ತರ ವಲಯದಲ್ಲಿ ಎರಡು ದಿನ ಓಡಾಡಿ, ಮೂರನೆಯ ದಿನ ಬೇರೆ ಯಾರದೋ ಹೆಸರಿನಲ್ಲಿ ನನ್ನ ವಾಟ್ಸಾಪಿಗೇ ಬಂತು.

ಆದರೆ ತಣ್ಣೀರಿನ ಮಾತೇ ಬೇರೆ. ಆ ಬೇಸಿಗೆಯಲ್ಲಿ ತಣ್ಣೀರು ಬೇಕೆನ್ನುವುದೇ ಒಂದು ಅಪರಾಧವಾಗಿತ್ತು. ದಿನವಿಡೀ ಬಿಸಿನೀರು ಕುಡಿಯಿರಿ ಎಂದು ಆಯುಷ್ ಸಚಿವಾಲಯ ಹೇಳಿತ್ತು. ಜೊತೆಗೆ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಶುಂಠಿ ಹಾಕಿದ ಕಷಾಯ. ಬೆಂಗಳೂರಿನಲ್ಲಿರುವ ಮಗಳು ವಿಡಿಯೊದಲ್ಲಿ ಎದುರು ಕೂತು ಕುಡಿಸುತ್ತಿದ್ದಳು. “ಅಪ್ಪಾ, ಲೋಟ ತೋರಿಸಿ. ಖಾಲಿ ಆಗಿಲ್ಲ.” ಹೊರಗೆ ಬಿಸಿಲು ನಲವತ್ತರ ಆಸುಪಾಸು, ಒಳಗೆ ಗಂಟಲಿನಿಂದ ಹೊಟ್ಟೆಯವರೆಗೆ ಮೆಣಸಿನ ಬೆಂಕಿ. ಮಗಳು ಫೋನಿಟ್ಟ ಕೂಡಲೇ ನಾನು ಕಳ್ಳನ ಹಾಗೆ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ. ಮಾಳಿಗೆಯ ಟ್ಯಾಂಕಿನಲ್ಲಿ ಕಾದ ನೀರು, ಅದೂ ಬಿಸಿ.

ಹೂಜಿ ನೆನಪಾದದ್ದು ಹಾಗೆ. ರೈಲ್ವೆ ಕ್ವಾರ್ಟರ್ಸ್ ಕಾಲದ್ದು, ಫ್ರಿಜ್ಜು ಬಂದ ವಾರವೇ ಅಟ್ಟ ಸೇರಿತ್ತು. ಏಣಿ ಹಾಕಿ ಇಳಿಸಿದೆ. ಒಳಗೆ ಒಂದು ಹಲ್ಲಿಯ ಸಂಸಾರ ಇತ್ತು, ಅದನ್ನು ಸೌಜನ್ಯದಿಂದ ತೆರವು ಮಾಡಿಸಿದೆವು. ನಾರು ಹಾಕಿ ಉಜ್ಜಿ, ಎರಡು ದಿನ ನೀರಲ್ಲಿ ನೆನೆಸಿ, ತುಂಬಿಸಿ ಕಿಟಕಿಯ ಬಳಿ ಇಟ್ಟು ಕಾದೆವು. ಸಂಜೆ ಮುಟ್ಟಿ ನೋಡಿದರೆ ಹೊರಮೈ ಒಣಒಣ. ನೀರು ಹಾಕಿದಾಗ ಎಷ್ಟಿತ್ತೋ ಅಷ್ಟೇ ಬಿಸಿ. “ಇದಕ್ಕೂ ವಯಸ್ಸಾಯ್ತು ಬಿಡಿ” ಎಂದಳು.

ವಯಸ್ಸಾಗುವುದೆಂದರೆ ಹೂಜಿಯ ಲೆಕ್ಕದಲ್ಲಿ ಬೆವರು ನಿಲ್ಲುವುದು. ಕುಂಬಾರ ಜೇಡಿಗೆ ಮರಳೋ ಬೂದಿಯೋ ಬೆರೆಸಿ, ತಿಗರಿಯ ಮೇಲೆ ಎತ್ತಿ, ಆವಿಗೆಯಲ್ಲಿ ಹದವಾಗಿ ಬೇಯಿಸಿದಾಗ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಅವುಗಳಿಂದ ಜಿನುಗಿದ ನೀರು ಗಾಳಿಗೆ ಆರಿ ಆವಿಯಾಗುವಾಗ ಒಳಗಿನ ನೀರಿನಿಂದ ಶಾಖ ಕಿತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಹೆಚ್ಚುಕಡಿಮೆ 580 ಕ್ಯಾಲೊರಿ ಬೇಕು. ಅಂದರೆ ಒಂದು ಲೋಟದಷ್ಟು ನೀರು ತಾನು ಹಾರಿಹೋಗಿ ಒಂಬತ್ತು ಲೀಟರನ್ನು ಹತ್ತು ಡಿಗ್ರಿ ತಂಪು ಮಾಡಬಲ್ಲುದು. ಇದಕ್ಕೆ ಒಣಗಾಳಿ ಬೇಕು. ಮಂಗಳೂರಿನ ತೇವದಲ್ಲಿ ಹೂಜಿ ಬೆವರುತ್ತದೆ, ಬೆವರು ಆರುವುದಿಲ್ಲ, ಮನುಷ್ಯರ ಪಾಡೂ ಅಲ್ಲಿ ಅದೇ. ಬಳ್ಳಾರಿಯಲ್ಲಿ ದೇವರು ಬಿಸಿಲು ಕೊಟ್ಟ ಕೈಯಲ್ಲೇ ಒಣಗಾಳಿಯನ್ನೂ ಕೊಟ್ಟಿದ್ದಾನೆ. ನಮ್ಮ ಹೂಜಿಗೆ ಆಗಿದ್ದದ್ದು ಬೋರ್ ನೀರಿನ ಸುಣ್ಣ ರಂಧ್ರಗಳಲ್ಲಿ ಕೂತು ಗಟ್ಟಿಯಾದ ರೋಗ. ನನ್ನ ಹೃದಯದ ಡಾಕ್ಟರು ಚಿತ್ರ ಬರೆದು ತೋರಿಸಿದ್ದೂ ಇಂಥದೇ ಏನನ್ನೋ.

ಹೊತ್ತು ಬೇಕಾದಷ್ಟಿತ್ತು, ಕಪಾಟಿನಲ್ಲಿ ಹಳೆಯ ಪುಸ್ತಕಗಳಿದ್ದವು. ತಣ್ಣೀರಿಗಾಗಿ ಬಾಯಿಬಿಟ್ಟವರ ಚರಿತ್ರೆ ಓದತೊಡಗಿದೆ. ಅಕ್ಬರನ ನೀರಿನ ಖಾತೆಗೆ ‘ಆಬ್‌ದಾರ್ ಖಾನಾ’ ಎಂದು ಹೆಸರು. ಸೇರು ನೀರಿನ ಲೋಹದ ಕುಪ್ಪಿಯನ್ನು ಪೆಟ್ಲುಪ್ಪು ಬೆರೆಸಿದ ನೀರಿನಲ್ಲಿ ಅಲ್ಲಾಡಿಸಿ ತಣಿಸುವ ಕ್ರಮವನ್ನು ‘ಐನ್-ಇ-ಅಕ್ಬರಿ’ ಅಡಿಗೆ ಪುಸ್ತಕದಷ್ಟೇ ಶ್ರದ್ಧೆಯಿಂದ ಹೇಳುತ್ತದೆ. ಪೆಟ್ಲುಪ್ಪು ಅಂದರೆ ಸಿಡಿಮದ್ದಿನ ಸಾಮಾನು, ಕೋಟೆ ಒಡೆಯುವುದಕ್ಕೂ ಅದೇ, ಬಾಯಾರಿಕೆಗೂ ಅದೇ. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ಕುಣಿ ತೋಡಿ, ಒಣ ದಂಟು ಹಾಸಿ, ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಸೂರ್ಯ ಮೂಡುವ ಮೊದಲು ಮಂಜುಗಡ್ಡೆ ಕೀಳುತ್ತಿದ್ದುದನ್ನು ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿಲ್ಲದಿದ್ದರೂ ಆ ತಟ್ಟೆಗಳಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು.

ಆಮೇಲೆ ಬಂದವರಿಗೆ ಇಷ್ಟು ತಾಳ್ಮೆ ಇರಲಿಲ್ಲ. 1833ರ ಮೇ ತಿಂಗಳಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವ್ಯಾಪಾರಿ ಅಲ್ಲಿನ ಕೆರೆಗಳ ಮಂಜುಗಡ್ಡೆ 180 ಟನ್ ಕೊಯ್ದು ಹಡಗಿಗೆ ಹಾಕಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಮೇಲೆ ತಲುಪಿದಾಗ ಸುಮಾರು 100 ಟನ್ ಇನ್ನೂ ಗಡ್ಡೆಯಾಗಿಯೇ ಇತ್ತು. ಮದ್ರಾಸಿನಲ್ಲೂ 1842ರಲ್ಲಿ ಸಮುದ್ರದ ಎದುರು ಅದಕ್ಕೆಂದೇ ಒಂದು ಐಸ್ ಹೌಸ್ ಕಟ್ಟಿದರು. ಮುಂದೆ ವಿವೇಕಾನಂದರು 1897ರಲ್ಲಿ ಇಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ್ದು, ಮೈಸೂರಿಗೆ ಸೇರಿದ್ದು 1953ರಲ್ಲಿ. ಆ ಐಸಿನ ಒಂದು ಹನಿಯಾದರೂ ಇಲ್ಲಿಗೆ ಬಂದೀತೇ ಎಂದು ನಮ್ಮ ಬಂಡೆಗುಡ್ಡವನ್ನು ನೋಡಿದೆ. ಅದು ಎಂದಿನಂತೆ ಕಾಯುತ್ತಿತ್ತು. ಭಾರತದಲ್ಲೇ ತಯಾರಾದ ಮೊದಲ ಫ್ರಿಜ್ಜು ಗೋದ್ರೆಜ್ ಕಂಪನಿಯದು, 1958ರಲ್ಲಿ ಬಂತು. ನನಗಿಂತ ಐದು ವರ್ಷ ಚಿಕ್ಕದು.

ಇಷ್ಟೆಲ್ಲ ರಾಜರು ವ್ಯಾಪಾರಿಗಳ ಕತೆ ಓದಿದರೂ ಮನಸ್ಸು ಹೋಗುತ್ತಿದ್ದದ್ದು ಸ್ಟೇಷನ್ನಿಗೆ. ಬೇಸಿಗೆ ಬಂತೆಂದರೆ ರೈಲ್ವೆಯಲ್ಲಿ ನೀರು ಕೊಡುವುದಕ್ಕೆಂದೇ ನಾಲ್ಕಾರು ತಿಂಗಳಿಗೆ ಆಳುಗಳನ್ನು ತೆಗೆದುಕೊಳ್ಳುತ್ತಿದ್ದ ಕಾಲವಿತ್ತು. ‘ಹಾಟ್ ವೆದರ್ ವಾಟರ್‌ಮನ್’ ಎಂದು ಕಾಗದದಲ್ಲಿ, ಬರೀ ‘ನೀರಿನವ’ ಎಂದು ಬಾಯಲ್ಲಿ. ಪ್ಲಾಟ್‌ಫಾರಮ್ಮಿನ ಬೇವಿನ ಮರದಡಿ ಮರಳ ಗುಡ್ಡೆ ಮಾಡಿ ಅದರ ಮೇಲೆ ಸಾಲಾಗಿ ಮಣ್ಣಿನ ಕೊಡಗಳು, ಸುತ್ತ ಒದ್ದೆ ಗೋಣಿ. ಗಾಡಿ ಬಂದೊಡನೆ ಉದ್ದ ಹಿಡಿಯ ಸೌಟು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಬೇಕು. ಒಂದು ಶಿಫ್ಟಿಗೆ ಮೂರು ಸಲ ಕೊಡಗಳು ತುಂಬಿ ಖಾಲಿಯಾಗುತ್ತಿದ್ದವು. ಹಾದಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮ ಶಾಸನಗಳಷ್ಟು ಹಳೆಯ ಪುಣ್ಯ. ರೈಲ್ವೆ ಅದಕ್ಕೆ ಸಂಬಳ ಕೊಡುತ್ತಿತ್ತು.

ಆದರೆ ಆ ಕೊಡಗಳಿಗೆ ಇನ್ನೊಂದು ಇತಿಹಾಸವೂ ಉಂಟು, ಅಷ್ಟು ತಣ್ಣನೆಯದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು ಹೇಳುತ್ತಿದ್ದರು: ಬ್ರಿಟಿಷರ ಕಾಲದಲ್ಲಿ ಸ್ಟೇಷನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನರ ನೀರು ಬೇರೆ. ಕೊಡವೂ ಬೇರೆ, ಕೊಡುವವನೂ ಬೇರೆ. ಈ ಎರಡರಲ್ಲಿ ಯಾವುದನ್ನೂ ಮುಟ್ಟಲಾಗದೆ ಬೊಗಸೆಯೊಡ್ಡಿ ದೂರ ನಿಂತವರೂ ಇದ್ದರು. ನಾನು ಬರುವ ಹೊತ್ತಿಗೆ ಆ ಬೋರ್ಡುಗಳು ಹೋಗಿದ್ದವು. ಕಂಡವರೆಲ್ಲ ಒಂದೇ ಕೊಡದಿಂದ ಕುಡಿದು, ಬಾಯಿ ಒರೆಸಿಕೊಂಡು ಗಾಡಿ ಹತ್ತುತ್ತಿದ್ದರು. ಎಷ್ಟು ಸಣ್ಣ ಸಂಗತಿ ಅನಿಸಿತ್ತು ಆಗ.

ಹೊಸ ಹೂಜಿ ಬೇಕಾಯಿತು. ಎಂದಿನ ಬೇಸಿಗೆಯಾದರೆ ಮಾರ್ಚ್ ಮುಗಿಯುವುದರೊಳಗೆ ರಸ್ತೆ ಬದಿಯಲ್ಲಿ ಕೆಂಪು, ಕಪ್ಪು ಹೂಜಿಗಳ ಸಾಲು ಎದ್ದಿರುತ್ತಿತ್ತು. ಆ ಸಲ ಜಾಗ ಬಿಕೋ ಎನ್ನುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ಸಲ ದೊಣ್ಣೆಯನ್ನು ಯಾರೂ ಬೀಸಲಿಲ್ಲ, ಮಡಕೆಗಳೂ ಒಡೆಯಲಿಲ್ಲ, ವರುಷವಷ್ಟೇ ಹೋಯಿತು. ನಮ್ಮ ಹಳೆಯ ಗ್ಯಾಂಗ್‌ಮನ್ ಒಬ್ಬರ ಹಳ್ಳಿಯಲ್ಲಿ ಕುಂಬಾರರ ಓಣಿ ಇರುವುದು ನೆನಪಾಗಿ ಫೋನು ಮಾಡಿದೆ. “ಒಂದ್ಯಾಕ್ರಿ, ನೂರು ಕೊಡ್ತಾರ. ಆವಿಗಿ ತುಂಬ ಹಂಗೇ ಕುಂತಾವ” ಎಂದರು. ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಹುಲ್ಲು ಸುತ್ತಿಸಿಕೊಂಡು ಒಂದು ಕರಿ ಹೂಜಿ ಬಂತು. ಗೇಟಿನ ಹೊರಗೆ ಇಟ್ಟು ಹೋದರು. ಇಪ್ಪತ್ತನಾಲ್ಕು ತಾಸು ಅದನ್ನು ಹೊರಗೇ ಕ್ವಾರಂಟೈನ್ ಮಾಡಿದ್ದು ಮನೆಯವಳ ತೀರ್ಮಾನ.

ಮೊದಲ ದಿನದ ನೀರಿಗೆ ಮಣ್ಣಿನ ವಾಸನೆ ಇತ್ತು. ಮೊದಲ ಮಳೆಯನ್ನು ಲೋಟದಲ್ಲಿ ಹಿಡಿದ ಹಾಗೆ. ನಾನು ಮೂರು ಲೋಟ ಕುಡಿದೆ. ಮಗಳಿಗೆ ಹೇಳಲಿಲ್ಲ. ಹೊರಮೈಯಲ್ಲಿ ಸಣ್ಣ ಸಣ್ಣ ಹನಿ ಮೂಡಿ ಕೆಳಗಿನ ತಟ್ಟೆಗೆ ಇಳಿಯುವುದನ್ನು ನೋಡುತ್ತ ಕೂತರೆ ಮಧ್ಯಾಹ್ನ ಕಳೆಯುತ್ತಿತ್ತು. ಕರೆಂಟು ಹೋದರೂ ಅದರ ಕೆಲಸ ನಿಲ್ಲುತ್ತಿರಲಿಲ್ಲ. ಬಿಸಿಲು ಏರಿದಷ್ಟೂ ಅದಕ್ಕೆ ಹುರುಪು.

ತೊಂದರೆ ಒಂದೇ, ಅದು ಖಾಲಿಯಾಗುತ್ತಿರಲಿಲ್ಲ. ಎಂಟು ಲೀಟರಿನ ಹೂಜಿ, ಕುಡಿಯುವವರು ಇಬ್ಬರು. ಅವಳು ಮಗಳ ಮಾತು ಮೀರದೆ ಬಿಸಿನೀರೇ ಕುಡಿಯುತ್ತಿದ್ದಳು, ಹಾಗಾಗಿ ಒಬ್ಬ. ದಿನವೂ ಸಂಜೆ ಉಳಿದ ನೀರನ್ನು ತುಳಸಿಗೆ, ಮಲ್ಲಿಗೆಗೆ ಹೊಯ್ಯಬೇಕು. ಲಾಕ್‌ಡೌನಿಗೆ ಮೊದಲು ನಮ್ಮ ಗೇಟು ತೆರೆಯದ ದಿನವೇ ಇರಲಿಲ್ಲ: ಅಂಚೆಯವನು, ಮೀಟರ್ ಓದುವವನು, ಪಿಂಚಣಿಯ ಅರ್ಜಿ ಬರೆಸಿಕೊಳ್ಳಲು ಬರುವ ಹಳೆಯ ಸಹೋದ್ಯೋಗಿಗಳು. “ಬಿಸಿಲಾಗ ಬಂದೀರಿ, ನೀರು ಕುಡೀರಿ” ಎನ್ನದೆ ಈ ಊರಿನಲ್ಲಿ ಯಾವ ಮಾತೂ ಶುರುವಾಗುವುದಿಲ್ಲ. ಈಗ ಬಂದವರು ಗೇಟಿನಾಚೆಯಿಂದಲೇ ಮಾತಾಡಿ ಹೋಗುತ್ತಿದ್ದರು. ನೀರು ಬೇಕೇ ಎಂದು ಕೇಳಲು ನಮಗೆ ಹೆದರಿಕೆ, ಬೇಕು ಎನ್ನಲು ಅವರಿಗೆ ಸಂಕೋಚ. ಆ ಹಿರಿಯರು ಹೇಳಿದ್ದ ಬೇರೆ ಬೇರೆ ಕೊಡಗಳು ನನಗೆ ಪದೇಪದೇ ನೆನಪಾದದ್ದು ಆಗಲೇ. ನಮ್ಮದು ರೋಗದ ಭಯ, ಅದು ಬೇರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪೂರ್ತಿ ಸಮಾಧಾನ ಆಗುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ತರಕಾರಿ ಗಾಡಿಯವನು ಗೇಟಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ತಲೆಯ ಟವೆಲ್ಲು ಬಿಚ್ಚಿದ. ಬದನೆಕಾಯಿಗಳೆಲ್ಲ ಬಾಡಿದ್ದವು, ಆತನೂ. “ಯಮ್ಮಾ, ಒಂದು ಲೋಟ ನೀರು ಕೊಡ್ರಿ” ಎಂದ. ಮನೆಯವಳು ನನ್ನ ಮುಖ ನೋಡಿದಳು. ಪೇಪರ್ ಕಪ್ಪು ಮನೆಯಲ್ಲಿರಲಿಲ್ಲ. ಆಗ ನನಗೆ ನನ್ನ ಅಜ್ಜಿ ನೆನಪಾದಳು. ಚೊಂಬಿಗೆ ತುಟಿ ತಾಗಿಸಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು: “ಕಚ್ಚಿ ಕುಡೀಬೇಡ, ಎತ್ತಿ ಕುಡಿ!” ಅಜ್ಜಿಯ ಮಡಿ ನನಗೆಂದೂ ಇಷ್ಟವಾದದ್ದಲ್ಲ. ಅವಳು ಯಾರು ಯಾರನ್ನೋ ದೂರ ಇಡಲು ಕಲಿಸಿದ ವಿದ್ಯೆ ಅದು. ಆದರೆ ಆ ಹೊತ್ತಿಗೆ ಬೇಕಾದದ್ದೂ ಅದೇ. ಚೊಂಬು ತುಂಬಿಸಿ ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದೆ. ಹೇಳಿಕೊಡಬೇಕಾಗಲಿಲ್ಲ. ಆತ ಮಾಸ್ಕನ್ನು ಗದ್ದಕ್ಕೆ ಎಳೆದು, ತಲೆ ಹಿಂದಕ್ಕೆ ಚೆಲ್ಲಿ, ಒಂದು ಗೇಣು ಮೇಲಿನಿಂದ ಗಟಗಟನೆ ಹೊಯ್ದುಕೊಂಡ. ಒಂದು ಹನಿ ಆಚೆ ಈಚೆ ಹೋಗಲಿಲ್ಲ. ಮತ್ತೊಂದು ಚೊಂಬು. ಉಳಿದದ್ದನ್ನು ಟವೆಲ್ಲಿಗೆ ಸುರಿದು ತಲೆಗೆ ಸುತ್ತಿಕೊಂಡ.

“ಹೂಜಿ ನೀರೇನ್ರಿ ಸರ?” ಎಂದ.

ಮರುದಿನ ಆತನ ಹಿಂದೆಯೇ ಕಸದ ಗಾಡಿಯ ಹೆಂಗಸರು ಇಬ್ಬರು ಬಂದರು. ಅದರ ಮರುದಿನ ಚೌಕದಲ್ಲಿ ಬ್ಯಾರಿಕೇಡಿನ ಪಕ್ಕ ನಿಂತಿದ್ದ ಹುಡುಗ ಪೇದೆ. ಚೊಂಬಿಗೆ ಕಂಬದ ಮೇಲೆ ಖಾಯಂ ಜಾಗ ಆಯಿತು, ಪಕ್ಕದಲ್ಲಿ ಒಂದು ಸೋಪಿನ ತುಂಡು. ನಾನು ಹತ್ತು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು, ಯಾರು ಬಂದರು, ಯಾರು ಹೋದರು ಎಂದು ಲೆಕ್ಕ ಇಡುತ್ತಿದ್ದೆ. ಹಳೆಯ ಚಟ. ಆ ವಾರದ ಕೊನೆಯಲ್ಲಿ ಒಂದು ದಿನ, ಎರಡೂವರೆಯ ಸುಡುಬಿಸಿಲು. ನನಗೆ ಸಣ್ಣ ಜೋಂಪು ಹತ್ತಿತ್ತು. ಒಳಗಿನಿಂದ ಅವಳ ಕೂಗು ಕೇಳಿಸಿತು.

“ರೀ, ಎದ್ದೇಳಿ. ಹೂಜಿ ಖಾಲಿ.”